‘ದೋ’ ಎಂದರೆ ‘ಆದರೂ’ ಎಂಬ ಅರ್ಥ ಸರಿಯೆ?

ಹೊಸೂರು, ಡೆಂಕಣಿಕೋಟೆ, ಕೃಷ್ಣಗಿರಿಯ ಕಡೆ ಕನ್ನಡದಲ್ಲಿ ಓದುವ ಮಕ್ಕಳು ಇಂಗ್ಲಿಷಿನ ವಿರೋಧಾರ್ಥಕ ವಾಕ್ಯಗಳಲ್ಲಿ ತಪ್ಪುತ್ತಾರೆಂದೂ, ಅದಕ್ಕೆ ಅವರ ಮಾತೃಭಾಷೆಯೇ ಕಾರಣವೆಂದೂ ಒಂದು ಆಕ್ಷೇಪಣೆಯುಂಟು. ಇದನ್ನು ನಂಬಿ ಮಕ್ಕಳ ಮಾಧ್ಯಮವನ್ನೇ ಬದಲಿಸಿದ ತಂದೆತಾಯಿಗಳನ್ನು ನಾವು ಕಂಡಿದ್ದೇವೆ. ಆದಕಾರಣ ವಿಷಯವನ್ನು ಪರೀಕ್ಷಿಸುವುದು ಅವಶ್ಯ.

‘ದೋ’ ಇರುವ ವಾಕ್ಯದಲ್ಲಿ ‘ಬಟ್’ ಅನ್ನೂ ಸೇರಿಸುವುದು ಒಂದು ತಪ್ಪು. ಇದು ಕನ್ನಡದ ದೋಷವೆ? ‘ಮಳೆ ಬಂದರೂ ಕೆರೆ ತುಂಬಲಿಲ್ಲ’ ಎಂಬಲ್ಲಿ ವಿರೋಧದ ಗುರುತು ಒಂದೇ. ‘ಬಂದರೂ’ ಎಂಬುದರಲ್ಲಿ ಅದು ಮುಗಿಯಿತು. ‘ಬಂದರೂ ಆದರೆ ತುಂಬಲಿಲ್ಲ’ ಎಂದು ನಮ್ಮ ಹಳ್ಳಿಯ ಯಾವ ಕೂಸೂ ಅನ್ನದು. ಜೋಡಿ ಗುರುತು ಸಂಸ್ಕೃತದ ‘ಯದ್ಯಪಿ–ತಥಾಪಿ’ಯದು. ಇಂಗ್ಲಿಷಿನಲ್ಲಿಯೂ ‘ದೋ’ವಿಗೆ ‘ಯೆಟ್’ ಜೊತೆಯಾಗುವುದನ್ನು 1611ರ ಬೈಬಲ್ ಭಾಷಾಂತರವನ್ನು ಓದಿದವರು ಬಲ್ಲರು. ‘ಬಟ್’ ಮಾತ್ರ ಸಲ್ಲದು.

ಎರಡನೆಯ ತಪ್ಪು ಇದಕ್ಕಿಂತ ಕೆಟ್ಟದ್ದು. ವ್ಯಾಕರಣ ಕೆಡದೆ ಅರ್ಥ ಕೆಡುತ್ತದೆ. ಕೈಪಿಡಿಗಳಲ್ಲಿ ‘ದೋ’ ಎಂದರೆ ‘ಆದರೂ’ ಎಂದು ಅಚ್ಚಾಗಿರುತ್ತದೆ; ನಾವೂ ಕರಿಹಲಗೆಯ ಮೇಲೆ ಹಾಗೆಯೇ ಬರೆಯುತ್ತೇವೆ. ಬಿಡಿಯಾಗಿ ನಿಂತ ‘ಆದರೂ’ ಕನ್ನಡದಲ್ಲಿ ಎರಡು ವಾಕ್ಯಗಳ ನಡುವೆ ಬರುವ ಮಾತು: ‘ಮಳೆ ಬಂತು. ಆದರೂ ಕೆರೆ ತುಂಬಲಿಲ್ಲ.’ ಹುಡುಗನು ಆ ಸ್ಥಾನದಲ್ಲಿಯೇ ‘ದೋ’ವನ್ನಿಟ್ಟು, ‘ಇಟ್ ರೈನ್ಡ್ ದೋ ದ ಟ್ಯಾಂಕ್ ಡಿಡ್ ನಾಟ್ ಫಿಲ್’ ಎಂದು ಬರೆಯುತ್ತಾನೆ. ಅದರ ಅರ್ಥ ‘ಕೆರೆ ತುಂಬದಿದ್ದರೂ ಮಳೆ ಬಂತು’ ಎಂದಾಯಿತು! ಬಿಡಿಯಾದ ‘ಆದರೂ’ವಿಗೆ ಸರಿಸಮ ‘ಯೆಟ್’ ಅಥವಾ ‘ಸ್ಟಿಲ್’. ‘ದೋ’ವಿಗೆ ಸಮನಾದುದು ಬಿಡಿ ಶಬ್ದವಲ್ಲ, ಕ್ರಿಯಾಪದದ ತುದಿಗೆ ಹತ್ತುವ ‘-ಅರೂ’. ಅದು ವಾಕ್ಯದ ತುದಿಯಲ್ಲಿದ್ದರೆ ಇದು ಮೊದಲಲ್ಲಿ; ಭೇದವಿಷ್ಟೆ.

ಇನ್ನು, ಮಾಧ್ಯಮ ಬದಲಿಸಿದರೆ ಪರಿಹಾರವುಂಟೆ? ತಮಿಳಿನ ‘ವಂದಾಲುಂ’, ತೆಲುಗಿನ ‘ವಚ್ಚಿನಾ’ ನಮ್ಮ ‘ಬಂದರೂ’ವಿನ ಒಡಹುಟ್ಟುಗಳು, ಬಿಡಿಯಾಗಿ ‘ಆನಾಲುಂ’, ‘ಅಯಿನಾ’ ಎಂಬುವೂ ಇವೆ. ತಮಿಳಿನ ‘ಆನಾಲ್’ ನಮ್ಮ ‘ಆದರೆ’ಯಂತೆಯೇ ‘ಆಗು’ ಎಂಬರ್ಥದ ಧಾತುವಿನಿಂದ ಹುಟ್ಟಿ, ಪಕ್ಷಾರ್ಥವನ್ನೂ ವಿರೋಧಾರ್ಥವನ್ನೂ ಹೊತ್ತಿದೆ. ಮೂರು ಭಾಷೆಯ ಮಕ್ಕಳೂ ಒಂದೇ ಗುಂಡಿಯಲ್ಲಿ ಬೀಳುವವರೇ. ಗುಂಡಿ ತೋಡಿದ್ದು ಒಂದು ಶಬ್ದಕ್ಕೆ ಒಂದು ಶಬ್ದವೆಂಬ ಬೋಧನಾಕ್ರಮ.

‘ಡಿಸ್ಪೈಟ್’ ಎಂಬುದನ್ನೂ ‘ಆದರೂ’ ಎಂದೇ ಹೇಳಿಕೊಡುವವರಿದ್ದಾರೆ. ಅದರ ಮುಂದೆ ನಾಮಪದ ಬರಬೇಕಾದಲ್ಲಿ ಮಕ್ಕಳು ಇಡೀ ವಾಕ್ಯವನ್ನು ತಂದಿಡುವುದು ಇದರಿಂದಲೇ. ಅಲ್ಲಿಯೂ ಪದಾರ್ಥ ಬರೆಸದೆ, ‘ಮಳೆ ಬಂದರೂ’ ಎಂಬ ಒಂದೇ ಮಾತನ್ನು ‘ದೋ’ವಿನಿಂದಲೂ ‘ಡಿಸ್ಪೈಟ್’ನಿಂದಲೂ ಹೇಳಿಸಿ ನೋಡಬಹುದು.