ನಗು ಇಂಗ್ಲಿಷಿಗೆ, ನೀತಿ ಕನ್ನಡಕ್ಕೆ?

2008ರಲ್ಲಿ ದೆಹಲಿಯಲ್ಲಿ ಶುರುವಾದ ಮಕ್ಕಳ ಸಾಹಿತ್ಯ ಹಬ್ಬ ಬುಕಾರೂ ಪುಣೆಗೂ ಬಂದುಹೋಗಿದೆ. ಇಂಥ ಹಬ್ಬಗಳಲ್ಲಿ ಮಕ್ಕಳು ಇಂಗ್ಲಿಷ್ ಕಥೆ ಕೇಳಿ ಬಿದ್ದುಬಿದ್ದು ನಗುತ್ತಾರೆ. ಇಲ್ಲಿ ವಿಮಾನ ನಗರದ ನಮ್ಮಂಥ ಮನೆಗಳಲ್ಲಿ ಕನ್ನಡ ಪದ್ಯವೆಂದರೆ ಮಾತ್ರ ಕಂಠಪಾಠ. ಮೇಲೆ, 'ಇದರಿಂದ ಏನು ಕಲಿತೆ?' ಎಂಬ ಪ್ರಶ್ನೆ. ಈ ಹಂಚಿಕೆಗೆ ನನ್ನ ತಕರಾರಿದೆ.

ಜಿ.ಪಿ. ರಾಜರತ್ನಂ ಅವರ 'ತುತ್ತೂರಿ' ನೋಡಿ. ಹೊಸ ತುತ್ತೂರಿ ಹಿಡಿದು ಬೀಗುತ್ತ ಕಸ್ತೂರಿ ಕೊಳದ ಬಳಿ ನಡೆಯುವಾಗ ತುತ್ತೂರಿ ನೀರಿಗೆ ಜಾರುತ್ತದೆ, ಅದರ ಸ್ವರವೇ ಹೋಗುತ್ತದೆ. ಜಂಬಕ್ಕೆ ಪೆಟ್ಟು ಬಿತ್ತು, ನಿಜ. ಆದರೆ ಮಗುವಿನ ನಾಲಿಗೆಗೆ ಹತ್ತುವುದು ಪ್ರಾಸದ ಕುಣಿತ. ಕುಡುಕ ರತ್ನನ ಪದಗಳನ್ನು ಕಟ್ಟಿದ ಕಿವಿಯೇ ಇದನ್ನೂ ಕಟ್ಟಿದ್ದು.

'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯಲ್ಲಿ ಕುವೆಂಪು, ಬ್ರೌನಿಂಗ್ ಹೇಳಿದ ಹ್ಯಾಮೆಲಿನ್ ಊರಿನ ಕಥೆಯನ್ನು ನಮ್ಮ ಹಳ್ಳಿಗೆ ತಂದರು. ಅಲ್ಲಿ ಇಲಿಗಳಿಗೂ ನಮ್ಮ ನೆಂಟಸ್ತಿಕೆ ಇದೆ: ಅಣ್ಣ, ತಂಗಿ, ಮಾವ, ಭಾವ. ಎಲ್ಲರನ್ನೂ ಅಂಕಲ್, ಆಂಟಿ ಎನ್ನುವ ಮಗುವಿಗೆ ಈ ತಮಾಷೆ ಅರ್ಧವೂ ದಕ್ಕದು. ಅನುವಾದಿಸಿ ವಿವರಿಸಿದರೆ ನಗುವೇ ಆರಿಹೋಗುತ್ತದೆ.

ಹಬ್ಬದ ವೇದಿಕೆಯಲ್ಲಿ ಕನ್ನಡಕ್ಕೆ ಹತ್ತೇ ನಿಮಿಷ ಸಿಕ್ಕರೂ ಕಿಂದರಿಜೋಗಿಯನ್ನು ಗಟ್ಟಿಯಾಗಿ ಓದಿ. ಅಲ್ಲಿಯವರೆಗೆ ಮನೆಯಲ್ಲೇ ಓದೋಣ. ಮುಗಿದ ಮೇಲೆ ಏನು ಕಲಿತೆ ಎಂದು ಮಾತ್ರ ಕೇಳುವುದು ಬೇಡ.