ಎರಡು ರಾಜಧಾನಿಗಳ ನಡುವಣ ದಾರಿ

ಗೋಕಾಕರ ‘ಸಮುದ್ರದಾಚೆಯಿಂದ’, ಕಾರಂತರ ‘ಅಪೂರ್ವ ಪಶ್ಚಿಮ’ ಬಂದ ಮೇಲೆ ಯುರೋಪು ಕನ್ನಡ ಓದುಗನಿಗೆ ಅಪರಿಚಿತವಾಗಿ ಉಳಿದಿಲ್ಲ. ಆದರೆ ಈಚಿನ ಹಲವು ಪ್ರವಾಸ ಕಥನಗಳಲ್ಲಿ ಒಂದು ಕೊರತೆ ಎದ್ದು ಕಾಣುತ್ತದೆ. ಲಂಡನ್ನಿಗೊಂದು ಅಧ್ಯಾಯ, ಪ್ಯಾರಿಸ್ಸಿಗೊಂದು ಅಧ್ಯಾಯ. ನಡುವೆ ‘ರೈಲು ಹತ್ತಿ ಪ್ಯಾರಿಸ್ ಸೇರಿದೆವು’ ಎಂಬ ಒಂದೇ ವಾಕ್ಯ.

ಆ ಒಂದು ವಾಕ್ಯದಲ್ಲಿ ಎಷ್ಟೆಲ್ಲ ಮುಚ್ಚಿಹೋಗಿದೆ! ಹಿಂದೆ ಈ ದಾರಿಯ ಪ್ರಯಾಣಿಕ ನಡುವಣ ಕಡಲನ್ನು ಹಡಗಿನಲ್ಲಿ ದಾಟಬೇಕಿತ್ತು. 1994ರಲ್ಲಿ ಸುರಂಗ ತೆರೆಯಿತು. ಅದರ 50 ಕಿಲೋಮೀಟರುಗಳಲ್ಲಿ 38 ಕಡಲ ತಳದ ಕೆಳಗೇ ಇವೆ. ಫ್ರಾನ್ಸಿನ ಅಧಿಕಾರಿ ರಹದಾರಿ ನೋಡುವುದು ಲಂಡನ್ನಿನ ನಿಲ್ದಾಣದಲ್ಲೇ. ಇಂಗ್ಲೆಂಡಿನ ನೆಲದಲ್ಲಿ ನಿಂತೇ ಗಡಿ ದಾಟಿ, ಕಡಲನ್ನು ಕಾಣದೆಯೇ ಕಡಲು ದಾಟುವ ಈ ವಿಚಿತ್ರ ಲೇಖಕನ ಮನಸ್ಸನ್ನು ತಟ್ಟಬೇಡವೆ?

ತರೀಕೆರೆಯ ಬಳಿಯ ಅಮೃತಾಪುರಕ್ಕೆ ಹೋಗಿಬಂದವರಿಗೆ ಈ ಮಾತು ಬೇಗ ಮನದಟ್ಟಾದೀತು. 1196ರ ಅಮೃತೇಶ್ವರ ದೇವಾಲಯದ ಮಂಟಪದ ದಕ್ಷಿಣ ಗೋಡೆಯಲ್ಲಿ ರಾಮಾಯಣ 70 ಫಲಕಗಳಲ್ಲಿ ಸಾಗುತ್ತದೆ, ಅದೂ ಅಪ್ರದಕ್ಷಿಣವಾಗಿ. ನೋಡುವವನು ಶಿಲ್ಪಿಯ ಜೊತೆಯಲ್ಲಿ ಹೆಜ್ಜೆಹೆಜ್ಜೆಯಾಗಿ ನಡೆಯಬೇಕು. ಮೊದಲ ಮತ್ತು ಕೊನೆಯ ಫಲಕಗಳನ್ನಷ್ಟೇ ನೋಡಿದವನಿಗೆ ದಕ್ಕುವುದು ಎರಡು ಕಲ್ಲು, ರಾಮಾಯಣವಲ್ಲ. ಅಯೋಧ್ಯೆ, ಲಂಕೆಗಳೂ ರಾಜಧಾನಿಗಳೇ. ಕಾವ್ಯ ಬೆಳೆಯುವುದು ಅವುಗಳ ನಡುವಣ ಕಾಡಿನಲ್ಲಿ.

ಆ ರೈಲನ್ನು ಎಂದೂ ಹತ್ತಲಾರದ ಓದುಗನಿಗೆ ಪುಸ್ತಕವೇ ಪ್ರಯಾಣ. ಊರುಗಳ ಚಿತ್ರ ಅವನಿಗೆ ಬೇರೆ ಕಡೆಯೂ ಸಿಕ್ಕೀತು. ದಾರಿಯನ್ನು ಮಾತ್ರ ಲೇಖಕನೇ ಕಾಣಿಸಬೇಕು.