ನಕಲಿ ಪೈಠಣಿ ಬೇಡ, ಅಸಲಿ ಇಳಕಲ್ ಇರಲಿ

ರೇಷ್ಮೆ ಸೀರೆಗಳ ಮಡಿಕೆ ಬದಲಿಸಿ ಎತ್ತಿಡುವ ಬಗ್ಗೆ ಈ ವಾರ ಬರೆಯುತ್ತೇನೆಂದು ಹೇಳಿದ್ದೆ. ಅದು ಮುಂದಿನ ವಾರಕ್ಕಿರಲಿ. ತುಳಸಿ ಲಗ್ನ ಮುಗಿದು ಪುಣೆಯಲ್ಲಿ ಮದುವೆಗಳ ಸುಗ್ಗಿ ಶುರುವಾಗಿದೆ. ಶಿವಾಜಿನಗರದಿಂದ ಬಂದ ಪತ್ರವೊಂದಕ್ಕೆ ಉತ್ತರ ಕೊಡದೆ ಬೇರೆ ಏನನ್ನೂ ಬರೆಯಲು ಮನಸ್ಸಾಗುತ್ತಿಲ್ಲ. ಬರೆದವರು ಹುನಗುಂದದ ಕಡೆಯ ತಾಯಿ, ಬಹಳ ವರ್ಷಗಳಿಂದ ಪುಣೆಯವರು. ಮಗಳ ಮದುವೆಯ ಬಸ್ತಾ, ಅಂದರೆ ಬಟ್ಟೆಬರೆ, ಕಟ್ಟಿಸಬೇಕು, ಕೈ ಬಿಗಿಯಾಗಿದೆ. ಮುಹೂರ್ತದ ಸೀರೆಗೆಂದು ಹೋದ ಅಂಗಡಿಯಲ್ಲಿ ‘ಸೆಮಿ ಪೈಠಣಿ’ ಹರವಿ, ದೂರದಿಂದ ನೋಡಿದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದರಂತೆ. “ಅಕ್ಕಾ, ಅದನ್ನ ತಗೊಂಡುಬಿಡಲೇನ್ರಿ?” ಎಂದು ಕೇಳಿದ್ದಾರೆ.

ತಗೋಬೇಡ್ರಿ ತಂಗೀ.

ಈ ಸೆಮಿ ಪೈಠಣಿಯ ಜೊತೆ ನನ್ನ ಜಗಳ ಹಳೆಯದು, ಈ ಅಂಕಣ ಓದುತ್ತ ಬಂದವರಿಗೆ ಗೊತ್ತು. ಯೇವಲೆಯಲ್ಲೋ ಪೈಠಣದಲ್ಲೋ ಮಗ್ಗದ ಮುಂದೆ ಕುಳಿತ ನೇಕಾರ ಸೆರಗಿನ ನವಿಲಿನ ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಹೊಕ್ಕು ಹಿಡಿದು, ಎಳೆಗೆ ಎಳೆ ಸಿಕ್ಕಿಸಿ ನೇಯುತ್ತಾನೆ. ಅದಕ್ಕೇ ಅಸಲಿ ಪೈಠಣಿಯ ನವಿಲು ಹಿಂದೆಯೂ ಮುಂದೆಯೂ ಒಂದೇ ಥರ ಕಾಣುತ್ತದೆ. ಒಂದು ಸೀರೆಗೆ ತಿಂಗಳುಗಟ್ಟಲೆ ಹಿಡಿಯುವುದುಂಟು, ಬೆಲೆಯೂ ಆ ದುಡಿಮೆಯದೇ. ವಿದ್ಯುತ್ ಮಗ್ಗದ ನಕಲನ್ನು ತಿರುಗಿಸಿದರೆ ಬೆನ್ನಿನ ತುಂಬ ಜೋಲುವ ಎಳೆಗಳು, ಇಲ್ಲವೇ ಕತ್ತರಿಸಿದ ಎಳೆಗಳ ಜುಂಗು, ಜೊತೆಗೆ ಪ್ಲಾಸ್ಟಿಕ್ ಜರಿ. ಹೀಗೆ ಬರೆದಾಗಲೆಲ್ಲ ಒಂದು ಆಕ್ಷೇಪ ಬರುತ್ತದೆ: ಬಡವರ ಮನೆಯ ಹುಡುಗಿ ಪೈಠಣಿಯ ಆಸೆ ಪಡಬಾರದೇ? ಖಂಡಿತ ಪಡಲಿ, ವರ್ಷಗಟ್ಟಲೆ ಕೂಡಿಟ್ಟು ಒಂದು ದಿನ ಅಸಲಿಯನ್ನೇ ಉಡಲಿ. ಆದರೆ ಮದುವೆಯ ದಿನ, ಬಂಧುಬಳಗದ ಮುಂದೆ, ‘ಗೊತ್ತಾಗುವುದಿಲ್ಲ’ ಎಂಬ ಧೈರ್ಯದ ಮೇಲೆ ನಿಂತ ಸೀರೆಯನ್ನು ಆಕೆ ಏಕೆ ಉಡಬೇಕು? ಅದೇ ದುಡ್ಡಿಗೆ ಏನನ್ನೂ ಮುಚ್ಚಿಡಬೇಕಿಲ್ಲದ ಸೀರೆ ಸಿಗುತ್ತದೆ, ಅದೂ ಆ ತಾಯಿಯ ತವರಿನದೇ ಆದ ಇಳಕಲ್.

ಇಳಕಲ್ ಸೀರೆಯನ್ನು ಮಹಾರಾಷ್ಟ್ರದವರು ಇರಕಲ್ ಎಂದು ಕರೆದು ತಲೆಮಾರುಗಳಿಂದ ಉಟ್ಟಿದ್ದಾರೆ. ಹಳ್ಳಿಯ ಹೆಂಗಸರು ದಿನವೂ ಉಟ್ಟರೆಂಬ ಒಂದೇ ಕಾರಣಕ್ಕೆ ಅದು ಮದುವೆಗೆ ಸಲ್ಲದು ಎನ್ನುವವರಿದ್ದಾರೆ. ಅವರಿಗೆ ಗಿರಿ ಕುಂಕುಮ ಬಣ್ಣದ ಇಳಕಲ್ ತೋರಿಸಬೇಕು. ಆ ಕೆಂಪು ಮದುಮಗಳಿಗೆಂದೇ ಮೀಸಲಾಗಿ ಬಂದದ್ದು.

ಅಂಗಡಿಯಲ್ಲಿ ಸೀರೆ ಬಿಚ್ಚಿದ ಕೂಡಲೇ ನೋಡಬೇಕಾದ್ದು ಒಡಲು ಮುಗಿದು ಸೆರಗು ಶುರುವಾಗುವ ಜಾಗ. ಇಳಕಲ್ಲಿಗೆ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿಗೆ ಹತ್ತಿಯೋ ಚಮಕವೋ (ಕೃತಕ ರೇಷ್ಮೆ) ರೇಷ್ಮೆಯೋ ಇರಬಹುದು, ಸೆರಗಿಗೆ ಕೆಂಪು ರೇಷ್ಮೆ ಇಲ್ಲವೇ ಚಮಕ. ಈ ಎರಡು ಹಾಸುಗಳನ್ನು ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿ, ಆಮೇಲೆ ನೇಯುವುದೇ ಟೋಪ ತೆನಿ. ಆ ಜಾಗವನ್ನು ಬೆಳಕಿಗೆ ಹಿಡಿದು ಬೆರಳಾಡಿಸಿ. ಕೊಂಡಿಗಳ ಸಾಲು ಕಣ್ಣಿಗೂ ಕಾಣುತ್ತದೆ, ಬೆರಳಿಗೂ ಹತ್ತುತ್ತದೆ. ಅಲ್ಲಿಂದಾಚೆ ಕೆಂಪು ಸೆರಗಿನ ಮೇಲೆ ಬಿಳಿಯ ಹಣಿಗೆ ಹಲ್ಲುಗಳು. ಕೊಂಡಿಯೇ ಇಲ್ಲದೆ ಒಡಲಿನ ಹಾಸೇ ಸೆರಗಿನವರೆಗೂ ಹರಿದು ಬಂದಿದ್ದರೆ ಅದು ಟೋಪ ತೆನಿಯ ಸೀರೆಯಲ್ಲ, ಹೆಸರು ಏನೇ ಬರೆದಿರಲಿ.

ಕೈ ಬಿಗಿ ಇದ್ದವರಿಗೆ ದಾರಿ ಇರುವುದೂ ಈ ಕೊಂಡಿಯಲ್ಲೇ. ಒಡಲನ್ನು ಹತ್ತಿಯಲ್ಲಿ ಆರಿಸಿಕೊಂಡರೆ ಬೆಲೆ ಇಳಿಯುತ್ತದೆ. ಆದರೂ ಮದುಮಗಳ ಹೆಗಲ ಮೇಲೆ ಕಾಣುವ ಸೆರಗು ಕೆಂಪು ರೇಷ್ಮೆಯದೇ ಆಗಿರಬಹುದು. ಇದರಲ್ಲಿ ಮೋಸವಿಲ್ಲ, ಆ ಸೀರೆ ಹುಟ್ಟಿದ್ದೇ ಹಾಗೆ.

ಇನ್ನು ದಡಿಗಳ ಬಗ್ಗೆ, ಚಿಕ್ಕಿ ಯಾವಾಗ, ಗೋಮಿ ಯಾವಾಗ, ಗಾಯತ್ರಿ ಯಾರಿಗೆ ಎಂದು ಬರೆಯಬೇಕಿತ್ತು. ಆದರೆ ಶಿವಾಜಿನಗರ ಎಂದ ಮೇಲೆ ಜಂಗಲಿ ಮಹಾರಾಜ ರಸ್ತೆಯ ಬಾಲಗಂಧರ್ವ ರಂಗಮಂದಿರವನ್ನು ದಾಟಿ ಹೋಗಲು ನನಗಾಗದು. ಅಲ್ಲಿ ಗೋಪಾಳ ದೇವೂಸ್ಕರ ಬರೆದ, ಮರಾಠಿ ರಂಗನಟ ಬಾಲಗಂಧರ್ವರ ಚಿತ್ರಗಳಿವೆ, ಗಂಡುವೇಷದಲ್ಲೂ ಹೆಣ್ಣುವೇಷದಲ್ಲೂ. ಸೀರೆಯ ಬಗ್ಗೆ ಅಕ್ಕರೆ ಇರುವವರೆಲ್ಲ ಒಮ್ಮೆ ನಿಂತು ನೋಡಬೇಕು. 1888ರಲ್ಲಿ ಹುಟ್ಟಿದ ನಾರಾಯಣ ಶ್ರೀಪಾದ ರಾಜಹಂಸ ಎಂಬ ಈ ಗಂಡಸು ರಂಗದ ಮೇಲೆ ಸೀರೆ ಉಟ್ಟ ರೀತಿ ನೋಡಿ ಮರಾಠಿ ಮನೆಗಳ ಹೆಣ್ಣುಮಕ್ಕಳು ತಾವು ಉಡುವ ರೀತಿ ಬದಲಿಸಿಕೊಂಡರು. ರಂಗಕ್ಕೂ ಅವರಿಗೆ ಅಸಲಿಯೇ ಬೇಕು: ನಿಜವಾದ ಜರಿಯ ಶಾಲು ಸೀರೆ, ನಿಜವಾದ ಪೈಠಣಿ, ನಿಜವಾದ ಅತ್ತರು. ನಕಲಿಯನ್ನು ಒಪ್ಪದ ಆ ಹಟಕ್ಕೆ ನಾನು ಕೈ ಮುಗಿಯುತ್ತೇನೆ. ಆದರೆ ಎಲ್ಲವೂ ಅತ್ಯಂತ ದೊಡ್ಡದೇ ಆಗಬೇಕೆಂಬ ಹಟವೂ ಅದರ ಜೊತೆಗಿತ್ತು. 1913ರಲ್ಲಿ ಹುಟ್ಟಿದ ಅವರ ಗಂಧರ್ವ ನಾಟಕ ಮಂಡಳಿ ಸಾಲದಲ್ಲಿ ಮುಳುಗಿತು, ಆ ವೈಭವದ ಖರ್ಚಿನ ಪಾಲು ಅದರಲ್ಲಿ ಸಣ್ಣದಲ್ಲ.

ಅದೇ ಬಾಲಗಂಧರ್ವರ ಅತಿ ದೊಡ್ಡ ಪಾತ್ರಗಳಲ್ಲಿ ಒಂದು ‘ಏಕಚ್ ಪ್ಯಾಲಾ’ದ ಸಿಂಧು. ರಾಮ ಗಣೇಶ ಗಡಕರಿ ಬರೆದ ನಾಟಕ. 1919ರ ಜನವರಿಯಲ್ಲಿ ಗಡಕರಿ ತೀರಿಕೊಂಡರು, ನಾಟಕ ರಂಗಕ್ಕೆ ಬಂದದ್ದು ಆಮೇಲೆ. ಸಿಂಧು ಉಳ್ಳವರ ಮನೆಯ ಮಗಳು. ಗಂಡ ಸುಧಾಕರ ವಕೀಲ. ಅವನು ಕುಡಿತಕ್ಕೆ ಬಿದ್ದ ಮೇಲೆ ಮನೆ ಬರಿದಾಗುತ್ತದೆ, ಸಿಂಧು ಬೀಸುಕಲ್ಲಿನ ಮುಂದೆ ಕೂತು ಮಂದಿಯ ಕಾಳು ಬೀಸುತ್ತಾಳೆ. ಶಾಲು ಇಲ್ಲ, ಒಡವೆ ಇಲ್ಲ, ಮೈಮೇಲೆ ಬಡವಿಯ ಸೀರೆ. ಬೇರೊಂದು ನಾಟಕದಲ್ಲಿ ರುಕ್ಮಿಣಿಯಾಗಿ ಝಗಮಗಿಸಿದ ನಟನನ್ನು ಜನ ಈ ಸಿಂಧುವಾಗಿಯೂ ಅಷ್ಟೇ ಎದೆಗೆ ಹಚ್ಚಿಕೊಂಡರು. ಸೀರೆಯ ಘನತೆ ಉಟ್ಟ ರೀತಿಯಲ್ಲಿ, ನಿರಿ ಬಿದ್ದ ಬಗೆಯಲ್ಲಿ, ಸೆರಗು ಹೊತ್ತ ಹೆಗಲಿನ ನಿಲುವಿನಲ್ಲಿ ಇರುತ್ತದೆ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ನನಗೆ ಬೇಡ. ನಾಟಕ ನೋಡಿ ಹೆಂಗಸರು ಮನೆಗೆ ಒಯ್ದದ್ದೂ ಆ ಉಡುವ ರೀತಿಯನ್ನೇ, ಅದಕ್ಕೆ ಬೆಲೆ ಕೊಡಬೇಕಿರಲಿಲ್ಲ.

ಮದುವೆಯ ಶಾಸ್ತ್ರವೂ ಭಾರಿ ಸೀರೆಯನ್ನು ಕೇಳಿದ್ದಿಲ್ಲ. ಹಳೆಯ ಪುಣೆಯ ಮದುಮಗಳು ಉಡುತ್ತಿದ್ದ ಅಷ್ಟಪುತ್ರಿ ಸರಳವಾದ ಹಳದಿ ಸೀರೆ. ಇದೇ ಊರಿನಲ್ಲಿ 1873ರಲ್ಲಿ ಜ್ಯೋತಿಬಾ ಫುಲೆಯವರು ಸತ್ಯಶೋಧಕ ಸಮಾಜ ಕಟ್ಟಿ, ಅದೇ ವರ್ಷ ಪುರೋಹಿತರಿಲ್ಲದ, ದುಂದಿಲ್ಲದ ಮದುವೆ ನಡೆಸಿ ತೋರಿಸಿದರು. ನಮ್ಮಲ್ಲಿ ಕುವೆಂಪು 1966ರಲ್ಲಿ ಮಗ ತೇಜಸ್ವಿಯ ಮದುವೆಗೆ ಮಂತ್ರ ಮಾಂಗಲ್ಯ ಬರೆದರು. ಸಾಲ ಮಾಡದೆ ಮಗಳನ್ನು ಧಾರೆಗೆ ನಿಲ್ಲಿಸುವ ತಾಯಿಯ ಹಿಂದೆ ಇಂಥವರೆಲ್ಲ ಇದ್ದಾರೆ.

ಈಗ ಕೆಲಸದ ಮಾತು. ಇಳಕಲ್ಲಿನಲ್ಲಿ ಟೋಪ ತೆನಿಗೆ ಒಂದೊಂದು ಸೀರೆಗೂ ಬೇರೆಯೇ ಹಾಸು ಹೂಡುತ್ತಾರೆ, ಹೀಗಾಗಿ ಆರು, ಎಂಟು, ಒಂಬತ್ತು ಗಜ ಯಾವುದು ಬೇಕೋ ಹೇಳಿ ನೇಯಿಸಬಹುದು. ಬೀಗರ ಕಡೆ ನವವಾರಿ ಕೇಳಿದರೆ ಒಂಬತ್ತು ಗಜವನ್ನೇ ಹೇಳಿ. ತವರಿಗೆ ಹೋಗುವ ನೆಂಟರ ಕೈಯಲ್ಲಿ ಮುಂಚೆಯೇ ಹೇಳಿ ಕಳಿಸಿ, ಮಗ್ಗಕ್ಕೆ ಅದರದೇ ಸಮಯ ಬೇಕು. ಪುಣೆಯಲ್ಲೇ ಕೊಳ್ಳುವುದಾದರೆ ಲಕ್ಷ್ಮಿ ರಸ್ತೆಯಲ್ಲಿ ಕೇಳುವಾಗ ಇರಕಲ್ ಎನ್ನಿ, ಬಿಚ್ಚಿಸಿ ಕೊಂಡಿ ನೋಡದೆ ದುಡ್ಡು ಎಣಿಸಬೇಡಿ. ಡಿಸೆಂಬರಿನಲ್ಲಿ ನಿಮ್ಮ ಶಿವಾಜಿನಗರದ ಕೃಷಿ ಕಾಲೇಜಿನ ಮೈದಾನದಲ್ಲಿ ನಡೆಯುವ ಭೀಮಥಡಿ ಜಾತ್ರೆಗೂ ಒಂದು ಸುತ್ತು ಹೋಗಿ ಬನ್ನಿ. ಒಡಲು ಹತ್ತಿ, ಬಣ್ಣ ಗಿರಿ ಕುಂಕುಮ, ಮೇಲೆ ಗುಳೇದಗುಡ್ಡದ ಖಣದ ಕುಪ್ಪಸ. ಉಳಿದ ದುಡ್ಡಿನಲ್ಲಿ ಒಳ್ಳೆಯ ದರ್ಜಿಯ ಹತ್ತಿರ ಕುಪ್ಪಸ ಹೊಲಿಸಿ, ಮಗಳು ಮರುದಿನದಿಂದ ಉಡಲು ಇನ್ನೊಂದು ಹತ್ತಿಯ ಇಳಕಲ್ ತೆಗೆಯಿರಿ. ಮುಹೂರ್ತದ ಸೀರೆಯ ಬೆಲೆಯನ್ನು ಯಾರಾದರೂ ಕೇಳಿದರೆ ಇದ್ದಷ್ಟನ್ನೇ ಹೇಳಿ, ಸೆರಗಿನ ಕೊಂಡಿಯನ್ನೂ ತೋರಿಸಿ.